ರಬ್ಬರ್ ಹಾಲು ತನ್ನಿ, ಪಾಲಿಮರ್ ಪಾಠ ಶುರು ಮಾಡೋಣ

ಓದುಗರ ವಿಜ್ಞಾನ ಪ್ರಶ್ನೆಗಳಿಗೆ ತೀರ್ಥಹಳ್ಳಿಯ ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪಾಲಿಮರ್ ಎಂದರೇನು ಅಂತ ಕೇಳಿದರೆ ಮಕ್ಕಳು ‘ಚಿಕ್ಕ ಅಣುಗಳು ಕೊಂಡಿಗಳಂತೆ ಸೇರಿದ ಉದ್ದ ಸರಪಳಿ’ ಅಂತ ಒಂದೇ ಉಸಿರಿಗೆ ವ್ಯಾಖ್ಯೆ ಒಪ್ಪಿಸುತ್ತಾರೆ. ಉದಾಹರಣೆ ಕೊಡಿ ಅಂದರೆ ‘ಪ್ಲಾಸ್ಟಿಕ್’ ಅಂತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಲ್ಯಾಬಿನಲ್ಲಿ ಸಾಮಾನು ಕಡಿಮೆ. ತರಗತಿಯಲ್ಲೇ ಮಾಡಿ ತೋರಿಸುವಂಥದ್ದು ಏನಾದರೂ ಇದೆಯಾ ಸರ್?
— ಶಿಕ್ಷಕಿ, ಹೊಸನಗರ ತಾಲ್ಲೂಕು

ಉತ್ತರ: ಮೇಡಂ, ನೀವು ಹೊಸನಗರದ ಕಡೆಯವರು. ನಿಮ್ಮ ಮಕ್ಕಳಲ್ಲಿ ಯಾರದಾದರೂ ಮನೆಯಲ್ಲಿ, ಇಲ್ಲವೇ ಪಕ್ಕದ ಮನೆಯಲ್ಲಿ ರಬ್ಬರ್ ತೋಟ ಇದ್ದೇ ಇರುತ್ತದೆ. ಬೆಳಗ್ಗೆ ಟ್ಯಾಪಿಂಗ್ ಆದ ಮೇಲೆ ಒಂದು ಲೋಟ ರಬ್ಬರ್ ಹಾಲು ತರಲು ಹೇಳಿ. ಅಂದು ತೆಗೆದದ್ದೇ ಆಗಬೇಕು. ಹಾಗೇ ಇಟ್ಟರೆ ಅದು ತಾನಾಗಿ ಹೆಪ್ಪುಗಟ್ಟುತ್ತದೆ.

ಮೇಜಿನ ಮೇಲೆ ಪೇಪರ್ ಹಾಸಿ ಎರಡು ಹಳೇ ತಟ್ಟೆ ಇಡಿ. ಒಂದಕ್ಕೆ ಬಿಸಿ ಮಾಡಿದ ನಂದಿನಿ ಹಾಲು. ಇನ್ನೊಂದಕ್ಕೆ ರಬ್ಬರ್ ಹಾಲು, ಅದಕ್ಕೆ ಅಷ್ಟೇ ನೀರು ಬೆರೆಸಿ. ನೋಡೋಕೆ ಎರಡೂ ಬಿಳಿ, ಎರಡೂ ಹಾಲೇ. ಈಗ ವಿನೆಗರ್ ಬಾಟಲಿ ಕೈಯಲ್ಲಿ ಹಿಡಿದು ಸುಮ್ನೆ ನಿಂತುಬಿಡಿ. ಇದನ್ನು ಹಾಕಿದರೆ ಏನಾಗುತ್ತೆ ಅಂತ ಕೇಳಿ. ಮಕ್ಕಳು ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ, ಸರಿಯೋ ತಪ್ಪೋ ಹೇಳಬೇಡಿ. ಆಮೇಲೆ ಎರಡಕ್ಕೂ ಸ್ವಲ್ಪ ಸ್ವಲ್ಪ ಹಾಕಿ ಕಲಸಿ.

ಮನೆ ಹಾಲು ಕೂಡಲೇ ಒಡೆಯುತ್ತದೆ. ರಬ್ಬರ್ ಹಾಲು ಸ್ವಲ್ಪ ಹೊತ್ತು ತೆಗೆದುಕೊಂಡು ಮುದ್ದೆಯಾಗುತ್ತದೆ. ಎರಡನ್ನೂ ಹಿಂಡಿ ನೀರು ತೆಗೆದು ಮಕ್ಕಳ ಕೈಗೆ ಕೊಡಿ, ಎಳೆಯಲು ಹೇಳಿ. ಒಂದು ಪುಡಿಪುಡಿಯಾಗಿ ಉದುರುತ್ತದೆ. ಇನ್ನೊಂದು ಎಳೆದಷ್ಟೂ ಬರುತ್ತದೆ. ಆಗ ಕ್ಲಾಸಿನಲ್ಲಿ ಏಳುವ ಗಲಾಟೆಯನ್ನು ದಯವಿಟ್ಟು ತಡೆಯಬೇಡಿ. ಪಾಠ ತಲೆಗೆ ಹೋಗುವುದೇ ಆ ಹೊತ್ತಿನಲ್ಲಿ.

ಎರಡರಲ್ಲೂ ನಡೆದದ್ದು ಒಂದೇ. ಉದ್ದುದ್ದ ಅಣುಗಳು ಸಣ್ಣ ಸಣ್ಣ ಉಂಡೆಯಾಗಿ ನೀರಿನಲ್ಲಿ ತೇಲುತ್ತಿದ್ದವು. ಆ ಉಂಡೆಗಳ ಮೈಮೇಲೆಲ್ಲ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತಿದ್ದವು. ಹುಳಿ ಬಿದ್ದಾಗ ಆ ದೂಡಾಟ ನಿಂತಿತು, ಅಂಟಿಕೊಂಡವು. ನಿಮ್ಮ ಊರಿನ ಬೆಳೆಗಾರರು ಶೀಟ್ ಮಾಡಲು ಹಾಲಿಗೆ ಫಾರ್ಮಿಕ್ ಆಸಿಡ್ ಹಾಕುವುದು ಇದಕ್ಕೇ. ಮನೆಯಲ್ಲಿ ಅಪ್ಪ ದಿನಾ ಮಾಡುವ ಕೆಲಸ ರಸಾಯನಶಾಸ್ತ್ರ ಅಂತ ಗೊತ್ತಾದಾಗ ಆ ಹುಡುಗನ ಮುಖ ನೋಡಬೇಕು ನೀವು.

ಇನ್ನು ಒಂದು ಉದುರುವುದು, ಒಂದು ಎಳೆಯುವುದು ಯಾಕೆ? ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಕೂಡ ಪಾಲಿಮರೇ, ಅಮೈನೋ ಆಮ್ಲಗಳ ಸರಪಳಿ. ಆದರೆ ಆ ಸರಪಳಿಗಳು ಅಲ್ಲಲ್ಲಿ ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಸುಲಭಕ್ಕೆ ಜಾರುವುದಿಲ್ಲ. ರಬ್ಬರ್‌ನದು ಐಸೊಪ್ರೀನ್ ಎಂಬ ಚಿಕ್ಕ ಅಣುವಿನ ಸಾವಿರಾರು ಕೊಂಡಿಗಳ ಬಳುಕುವ ಸರಪಳಿ. ಸುಮ್ಮನಿದ್ದಾಗ ಬೇಯಿಸಿದ ಶ್ಯಾವಿಗೆ ಹಾಗೆ ಸುತ್ತಿಕೊಂಡಿರುತ್ತದೆ, ಎಳೆದಾಗ ಬಿಚ್ಚಿಕೊಳ್ಳುತ್ತದೆ.

‘ಪಾಲಿಮರ್ ಅಂದರೆ ಪ್ಲಾಸ್ಟಿಕ್’ ಎನ್ನುವುದು ಈಗ ತಾನಾಗಿಯೇ ಬಿದ್ದುಹೋಗುತ್ತದೆ. ಇನ್ನೇನೇನು ಪಾಲಿಮರ್ ಇದೆ ಅಂತ ಹುಡುಕಿಸಿ. ತಲೆಗೂದಲು, ಗಂಜಿ, ಹತ್ತಿ ಬಟ್ಟೆ, ಅಡಿಕೆ ಹಾಳೆ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರಿನಿಂದ ತೆಗೆಯುತ್ತಿದ್ದದ್ದೂ ಪಾಲಿಮರೇ, ಸೆಲ್ಯುಲೋಸ್.

ಒಡೆದ ಹಾಲನ್ನು ಚೆಲ್ಲಬೇಡಿ. ಬಟ್ಟೆಯಲ್ಲಿ ಚೆನ್ನಾಗಿ ಹಿಂಡಿ, ಬಾಟಲಿ ಮುಚ್ಚಳದಲ್ಲಿ ಒತ್ತಿ, ಕಡ್ಡಿಯಿಂದ ಎರಡು ತೂತು ಮಾಡಿ ಒಣಗಿಸಿದರೆ ಗುಂಡಿಯಾಗುತ್ತದೆ. ಸುಮಾರು 1900ರ ಹೊತ್ತಿಗೆ ಯೂರೋಪಿನಲ್ಲಿ ಕೇಸಿನ್ನನ್ನು ಫಾರ್ಮಾಲಿನ್‌ನಲ್ಲಿ ಗಟ್ಟಿ ಮಾಡಿ ಅಂಗಿ ಗುಂಡಿ, ಬಾಚಣಿಗೆ ಮಾಡಿ ಮಾರುತ್ತಿದ್ದರು. ಗ್ಯಾಲಲಿತ್ ಅಂತ ಅದರ ಹೆಸರು. ಫಾರ್ಮಾಲಿನ್ ನಮಗೆ ಬೇಡ, ಅದು ವಿಷ. ಬಿಸಿಲು ಸಾಕು. ಆದ್ದರಿಂದ ಈ ಕೆಲಸ ಜನವರಿ, ಫೆಬ್ರವರಿಯಲ್ಲಿ ಇಟ್ಟುಕೊಳ್ಳಿ. ನಮ್ಮ ಮಳೆಗಾಲದಲ್ಲಿ ಗುಂಡಿ ಒಣಗುವ ಮೊದಲೇ ಬೂಸ್ಟು ಬಂದಿರುತ್ತದೆ.

ಮರುದಿನ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ. ಮೊದಲು ಒಬ್ಬೊಬ್ಬರೇ ಓಡಾಡಲಿ. ಇವರೆಲ್ಲ ಮೊನೊಮರ್, ಅಂದರೆ ಸರಪಳಿಯ ಬಿಡಿ ಕೊಂಡಿಗಳು. ಶಿಳ್ಳೆ ಹೊಡೆದ ಕೂಡಲೇ ಕೈ ಕೈ ಹಿಡಿದು ಎರಡು ಉದ್ದ ಸಾಲಾಗಲಿ. ಈಗ ಓಡಿ ಅಂದರೆ ಯಾರಿಗೂ ಬೇಕಾದ ಕಡೆ ಓಡಲು ಆಗುವುದಿಲ್ಲ. ಎರಡು ಸಾಲೂ ಒಂದರ ಪಕ್ಕ ಒಂದು ಜಾರಬಲ್ಲವು, ಅಷ್ಟೇ. ಹಸಿ ರಬ್ಬರ್ ಹೀಗೇ, ಬಿಸಿಲಿಗೆ ಅಂಟಂಟು. ಈಗ ನಾಲ್ಕು ಮಕ್ಕಳನ್ನು ‘ಗಂಧಕ’ ಅಂತ ಕರೆದು ಎರಡು ಸಾಲಿನ ನಡುವೆ ನಿಲ್ಲಿಸಿ. ಆಚೆಯವರ ಭುಜ ಒಂದು ಕೈಯಲ್ಲಿ, ಈಚೆಯವರ ಭುಜ ಇನ್ನೊಂದು ಕೈಯಲ್ಲಿ. ಸಾಲುಗಳು ಇನ್ನು ಜಾರುವುದಿಲ್ಲ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರ್‌ಗೆ ಗಂಧಕ ಸೇರಿಸಿ ಕಾಯಿಸಿ ಕಂಡುಕೊಂಡದ್ದು ಇದನ್ನೇ. ಒಂದು ಹಸಿ ಶೀಟಿನ ಪಟ್ಟಿ, ಒಂದು ಸೈಕಲ್ ಟ್ಯೂಬಿನ ಪಟ್ಟಿ ಕೊಟ್ಟು ಎಳೆಸಿ. ಬಿಟ್ಟ ಮೇಲೆ ಯಾವುದು ಮೊದಲಿನ ಉದ್ದಕ್ಕೆ ಪೂರ್ತಿ ಬರುತ್ತೆ ಅಂತ ಅವರೇ ಅಳೆಯಲಿ.

ಕೈ ಹಿಡಿದು ನಿಂತಿರುವಾಗಲೇ ಹರ್ಮನ್ ಸ್ಟಾಡಿಂಗರ್ ಕಥೆ ಹೇಳಿಬಿಡಿ. 1920ರಲ್ಲಿ ಈ ಜರ್ಮನ್ ವಿಜ್ಞಾನಿ, ರಬ್ಬರ್‌ನಂಥ ವಸ್ತುಗಳಲ್ಲಿ ಅಣುಗಳು ನಿಜಕ್ಕೂ ಕೈ ಹಿಡಿದು ಉದ್ದ ಸರಪಳಿಯಾಗಿವೆ ಎಂದರು. ಆಗಿನ ದೊಡ್ಡ ದೊಡ್ಡವರು ಒಪ್ಪಲಿಲ್ಲ. ಚಿಕ್ಕ ಅಣುಗಳು ಸುಮ್ನೆ ಗುಂಪುಗೂಡಿವೆ, ಅಷ್ಟೇ ಅಂದರು. ಸ್ಟಾಡಿಂಗರ್‌ಗೆ ನೊಬೆಲ್ ಬಂದದ್ದು 1953ರಲ್ಲಿ.

ಒಂದೇ ಒಂದು ಮಾತು ಮೇಡಂ. ಮಾಡಿ ತೋರಿಸುವ ಮೊದಲು ‘ಏನಾಗುತ್ತೆ’ ಅಂತ, ತೋರಿಸಿದ ಮೇಲೆ ‘ಯಾಕಾಯ್ತು’ ಅಂತ ಕೇಳದಿದ್ದರೆ ಅದು ಜಾದು ಆಗುತ್ತದೆಯೇ ಹೊರತು ಪಾಠ ಆಗುವುದಿಲ್ಲ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯ ಇಳಿಸಿದಾಗ 12ನೇ ತರಗತಿಯ ಪಾಲಿಮರ್ ಪಾಠವನ್ನೇ ತೆಗೆಯಿತು. ನನಗೆ ಅದು ಸರಿ ಅನ್ನಿಸಿಲ್ಲ. ಹಾಗಾಗಿ ನೀವು ಹೈಸ್ಕೂಲಿನಲ್ಲಿ ಮಾಡುವ ಈ ಕೆಲಸಕ್ಕೆ ಬೆಲೆ ಜಾಸ್ತಿ. ಬಲೂನು, ಗ್ಲೌಸ್ ಮುಟ್ಟಿದರೆ ತುರಿಕೆ ಬರುವ ಮಕ್ಕಳಿದ್ದರೆ ರಬ್ಬರ್ ಹಾಲು ಮುಟ್ಟಿಸಬೇಡಿ. ಯೂನಿಫಾರಂ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಮಗಳು ಮೊಬೈಲ್ ನೋಡಿ ಸ್ಲೈಮ್ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಬೋರಾಕ್ಸ್ ಬೇಕಂತೆ. ಅದು ಅಪಾಯ ಅಲ್ವಾ ಮೇಷ್ಟ್ರೇ?
— ತಾಯಿ, ವಿನೋಬನಗರ, ಶಿವಮೊಗ್ಗ

ಉತ್ತರ: ಬೋರಾಕ್ಸ್ ಎಂದರೆ ನಮ್ಮ ಬಿಳಿಗಾರ, ತಾಯಿ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ, ಅಕ್ಕಸಾಲಿಗರು ಬೆಸುಗೆಗೆ ಬಳಸುತ್ತಾರೆ. ಹೊಟ್ಟೆಗೆ ಹೋದರೆ ಕೆಟ್ಟದ್ದು, ಅನುಮಾನವೇ ಬೇಡ. ಆದ್ದರಿಂದ ಬಿಳಿಗಾರದ ನೀರು ನೀವೇ ಕಲಸಿ. ಒಂದು ಲೋಟ ಬಿಸಿ ನೀರಿಗೆ ಒಂದು ಟೀ ಚಮಚ ಸಾಕು. ಅಡುಗೆ ಪಾತ್ರೆ ಬೇಡ. ಕೈಯಲ್ಲಿ ಗಾಯ ಇದ್ದರೆ ಆ ದಿನ ಬೇಡ. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಇನ್ನೂ ಬಾಯಿಗೆ ಹಾಕುವ ವಯಸ್ಸಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಮಾಡಲೇಬೇಡಿ.

ಮಾಡುವುದಾದರೆ ಬಿಳಿ ಗಮ್ ಎರಡು ಚಮಚ, ನೀರು ಎರಡು ಚಮಚ ಕಲಸಿ, ಬಿಳಿಗಾರದ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ತಿರುವಬೇಕು. ಗಮ್ಮಿನ ಸರಪಳಿಗಳ ನಡುವೆ ಬಿಳಿಗಾರದಲ್ಲಿರುವ ಬೋರೇಟ್ ಕೊಂಡಿ ಹಾಕುತ್ತದೆ. ಆದರೆ ಈ ಕೊಂಡಿ ಸಡಿಲ, ಬಿಟ್ಟು ಬಿಟ್ಟು ಮತ್ತೆ ಹಿಡಿಯುತ್ತಿರುತ್ತದೆ. ಮೆಲ್ಲಗೆ ಎಳೆದರೆ ಕೊಂಡಿಗೆ ಜಾಗ ಬದಲಿಸಲು ಸಮಯ ಸಿಗುತ್ತದೆ, ಸ್ಲೈಮ್ ಉದ್ದಕ್ಕೆ ಇಳಿಯುತ್ತದೆ. ಥಟ್ಟನೆ ಎಳೆದರೆ ಸಮಯ ಇಲ್ಲ, ಪಟ್ ಅಂತ ತುಂಡಾಗುತ್ತದೆ. ಮಗಳಿಗೆ ಎರಡೂ ಮಾಡಿಸಿ. ಕೊನೆಗೆ ಒಂದು ಚೂರಿಗೆ ನಿಂಬೆರಸ ಹಿಂಡಿಸಿ. ಹುಳಿ ಆ ಕೊಂಡಿಗಳನ್ನು ಬಿಡಿಸುತ್ತದೆ, ಸ್ಲೈಮ್ ಸಡಿಲವಾಗುತ್ತಾ ಬರುತ್ತದೆ. ಆಟ ಸಾಕಾದ ಮೇಲೆ ಕಸದ ಬುಟ್ಟಿಗೆ ಹಾಕಿ, ಸಿಂಕಿಗೆ ಬೇಡ, ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಅಡಿಕೆ ಕೊನೆಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ, ಹಳೇ ಪೈಪ್ ತುಂಡು ಎಲ್ಲ ಬಚ್ಚಲೊಲೆಗೆ ಹಾಕುತ್ತೇವೆ. ಮೊಮ್ಮಗ ಬೈಯುತ್ತಾನೆ. ಪ್ಲಾಸ್ಟಿಕ್ ಎಲ್ಲ ಒಂದೇ ಅಲ್ವಾ?
— ಕೃಷಿಕರು, ಕೊಪ್ಪ

ಉತ್ತರ: ಮೊಮ್ಮಗ ಹೇಳುವುದು ಸರಿ ರಾಯರೇ. ಎಲ್ಲ ಒಂದೇ ಅಲ್ಲ, ಯಾವುದನ್ನೂ ಒಲೆಗೆ ಹಾಕಬಾರದು. ಬಿಳಿ ಪಿವಿಸಿ ಪೈಪಂತೂ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಎದೆ, ಗಂಟಲು ಉರಿಸುವ ಹೊಗೆ ಅದು.

ಸುಡದೇ ಗುರುತು ಹಿಡಿಯೋದು ಸುಲಭ. ಮೊಮ್ಮಗನ ಕೈಯಲ್ಲೇ ಮಾಡಿಸಿ. ಬಕೆಟ್ ನೀರಿಗೆ ಪಿವಿಸಿ ತುಂಡು, ತೋಟದ ಕಪ್ಪು ಎಚ್‌ಡಿಪಿಇ (ಗಟ್ಟಿ ಪಾಲಿಥಿನ್) ಪೈಪಿನ ತುಂಡು, ಹಾಲಿನ ಪ್ಯಾಕೆಟ್ಟಿನ ಚೂರು, ನೀರಿನ ಬಾಟಲಿಯ ಚೂರು, ಅದರದೇ ಮುಚ್ಚಳ ಹಾಕಲಿ. ಗಾಳಿಗುಳ್ಳೆ ಅಂಟಿಕೊಳ್ಳದ ಹಾಗೆ ಬೆರಳಿಂದ ಅದ್ದಬೇಕು. ಕಪ್ಪು ಪೈಪ್, ಹಾಲಿನ ಪ್ಯಾಕೆಟ್, ಮುಚ್ಚಳ ತೇಲುತ್ತವೆ. ಪಿವಿಸಿ ಮತ್ತು ಬಾಟಲಿ ಮುಳುಗುತ್ತವೆ. ಬಾಟಲಿಯ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಸುಮಾರು 1.38 ಪಟ್ಟು ಭಾರ, ಪಾಲಿಥಿನ್ ಜಾತಿಯದು ನೀರಿಗಿಂತ ಹಗುರ. ಕೊಟ್ಟೆ ಪಾಲಿಥಿನ್. ತೊಳೆದು ಒಣಗಿಸಿ ಬೇರೆ ಚೀಲದಲ್ಲಿ ಕೂಡಿಟ್ಟು ಗುಜರಿಗೆ ಕೊಡಿ.

ಪ್ರಶ್ನೆ: ರಬ್ಬರ್ ಬ್ಯಾಂಡ್ ಎಳೆದು ತುಟಿಗೆ ತಾಗಿಸಿದರೆ ಬೆಚ್ಚಗಾಗುತ್ತೆ. ಯಾಕೆ ಸರ್?
— 9ನೇ ತರಗತಿ ವಿದ್ಯಾರ್ಥಿನಿ, ಸಾಗರ

ಉತ್ತರ: ಶಭಾಷ್ ಪುಟ್ಟಿ! ಇಂಗ್ಲೆಂಡಿನ ಜಾನ್ ಗಫ್ ಎಂಬುವರೂ ನಿನ್ನ ಹಾಗೇ ತುಟಿಗೆ ತಾಗಿಸಿ ಇದನ್ನು ಕಂಡುಕೊಂಡು 1805ರಲ್ಲಿ ಪ್ರಕಟಿಸಿದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಸುಮ್ಮನಿರುವ ರಬ್ಬರ್‌ನಲ್ಲಿ ಸರಪಳಿಗಳು ಹೇಗೆ ಬೇಕಾದರೂ ಸುತ್ತಿಕೊಂಡಿರಬಹುದು. ಎಳೆದಾಗ ಸಾಲಾಗಿ ನಿಲ್ಲಲೇಬೇಕು, ಆಗ ಬಿಸಿ ಹೊರಗೆ ಬರುತ್ತದೆ. ಎಳೆದು ಸ್ವಲ್ಪ ಹೊತ್ತು ಹಿಡಿದಿದ್ದು ಬಿಟ್ಟು, ಕೂಡಲೇ ತುಟಿಗೆ ತಾಗಿಸು. ಈ ಸಲ ತಣ್ಣಗಿರುತ್ತದೆ. ಮತ್ತೆ ಸುತ್ತಿಕೊಳ್ಳುವಾಗ ಬಿಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಇನ್ನೊಂದು ಮಾಡು. ದಪ್ಪ ರಬ್ಬರ್ ಬ್ಯಾಂಡನ್ನು ಮೊಳೆಗೆ ಸಿಕ್ಕಿಸಿ, ಅದಕ್ಕೆ ನೀರಿನ ಬಾಟಲಿ ನೇತುಹಾಕು. ಬ್ಯಾಂಡ್ ಎರಡರಷ್ಟಾದರೂ ಉದ್ದವಾಗುವಷ್ಟು ನೀರು ತುಂಬಬೇಕು, ಕಡಿಮೆಯಾದರೆ ಸರಿಯಾಗಿ ಗೊತ್ತಾಗುವುದಿಲ್ಲ. ಬಾಟಲಿಯ ತಳ ಎಲ್ಲಿದೆ ಅಂತ ಗೋಡೆಗೆ ಪೇಪರ್ ಅಂಟಿಸಿ ಗೆರೆ ಹಾಕು. ದೊಡ್ಡವರ ಹತ್ತಿರ ಹೇಳಿ ಹೇರ್ ಡ್ರೈಯರ್‌ನಿಂದ ಬ್ಯಾಂಡಿಗೆ ಬಿಸಿ ಗಾಳಿ ಹಿಡಿಸು. ಕಬ್ಬಿಣದ ತಂತಿಯಾಗಿದ್ದರೆ ಬಿಸಿಗೆ ಉದ್ದವಾಗುತ್ತಿತ್ತು. ಇಲ್ಲಿ ಬ್ಯಾಂಡ್ ಗಿಡ್ಡವಾಗಿ ಬಾಟಲಿ ಮೇಲೆ ಏರುತ್ತದೆ. ಎಷ್ಟು ಏರಿತು ಅಂತ ಅಳೆದು ಬರೆದು ಕಳಿಸು. ಬ್ಯಾಂಡ್ ಹರಿದರೆ ಬಾಟಲಿ ಕಾಲ ಮೇಲೆ ಬೀಳುತ್ತದೆ, ಸ್ವಲ್ಪ ದೂರವೇ ನಿಂತುಕೋ.