ಹೊಸ ಸ್ಟೀರಿಯೋ ತೊಂದರೆ ಕೊಡ್ತಿದೆಯಾ? ಸೆಟ್ ಬದಲಿಸುವ ಮೊದಲು ವೈರಿಂಗ್ ನೋಡಿಸಿ

ಸರ್, ನೀವು ಬರೆದದ್ದನ್ನು ಪೂರ್ತಿ ಓದಿದೆ. ಕಾರಿಗೆ ಹೊಸ ಸ್ಟೀರಿಯೋ ಹಾಕಿಸಿದ್ದೀರಿ. ಗಾಡಿ ಆಫ್ ಮಾಡಿದಾಗಲೆಲ್ಲ ಗಡಿಯಾರ, ಸ್ಟೇಷನ್, ಬ್ಲೂಟೂತ್ ಜೋಡಣೆ ಎಲ್ಲ ಅಳಿಸಿಹೋಗುತ್ತಿದೆ. ಮೊದಲು ಚೆನ್ನಾಗಿ ಹಿಡಿಯುತ್ತಿದ್ದ ಎಫ್‌ಎಂ ಈಗ ಬರೀ ಕರಕರ. ಆಕ್ಸಿಲರೇಟರ್ ಒತ್ತಿದರೆ ಸ್ಪೀಕರ್‌ನಲ್ಲಿ ಕುಂಯ್ ಅನ್ನುವ ಸದ್ದು ಏರುತ್ತದೆ. ಸ್ಟೀರಿಂಗ್ ಮೇಲಿನ ಬಟನ್‌ಗಳು ಕೆಲಸ ಮಾಡುತ್ತಿಲ್ಲ. ಹಾಕಿದವರನ್ನು ಕೇಳಿದರೆ "ಈ ಸೆಟ್ಟೇ ಹಂಗೆ ಸರ್, ಇನ್ನೂ ಒಳ್ಳೇದು ತಗೊಳ್ಳಿ" ಅಂದರಂತೆ.

ದಯವಿಟ್ಟು ಈಗಲೇ ಇನ್ನೊಂದು ಸೆಟ್ ಕೊಳ್ಳಬೇಡಿ. ನೀವು ಹೇಳಿದ ನಾಲ್ಕೂ ಸಾಮಾನ್ಯವಾಗಿ ವೈರಿಂಗ್‌ನಿಂದ ಬರುವ ತೊಂದರೆಗಳು. ಎಷ್ಟೇ ದುಬಾರಿ ಸೆಟ್ ತಂದರೂ ಇದೇ ವೈರಿಂಗ್‌ಗೆ ಸಿಕ್ಕಿಸಿದರೆ ಇದೇ ನಾಲ್ಕೂ ಮತ್ತೆ ಬರುತ್ತವೆ.

ಮೊದಲು, ಸೆಟ್ ಎಲ್ಲ ಮರೆತುಬಿಡುವ ವಿಷಯ. ಸೆಟ್‌ಗೆ ಎರಡು ಕರೆಂಟ್ ವೈರ್ ಬೇಕು. ಹಳದಿ ವೈರ್‌ಗೆ ಬ್ಯಾಟರಿಯಿಂದ ಸದಾ 12 ವೋಲ್ಟ್ ಬರಬೇಕು, ನೆನಪು ಉಳಿಯುವುದು ಅದರಿಂದ. ಕೆಂಪು ವೈರ್‌ಗೆ ಕೀಲಿ ತಿರುಗಿಸಿದಾಗ ಮಾತ್ರ ಬರಬೇಕು. ಇವೆರಡು ಅದಲುಬದಲಾಗಿದ್ದರೆ, ಇಲ್ಲವೇ ಎರಡನ್ನೂ ಕೀಲಿಯ ವೈರ್‌ಗೇ ಸೇರಿಸಿದ್ದರೆ, ಆಫ್ ಮಾಡಿದಾಗಲೆಲ್ಲ ಸೆಟ್ ಹೊಸದರಂತೆ ಶುರುವಾಗುತ್ತದೆ. ಪರೀಕ್ಷೆ ಸುಲಭ. ಕೀಲಿ ತೆಗೆದಿಟ್ಟು ಮಲ್ಟಿಮೀಟರ್ ಹಿಡಿಯಿರಿ. ಹಳದಿಯಲ್ಲಿ 12 ವೋಲ್ಟ್ ಹತ್ತಿರ ತೋರಿಸಬೇಕು, ಕೆಂಪಿನಲ್ಲಿ ಸೊನ್ನೆ. ಕೀಲಿಯನ್ನು ಆಕ್ಸೆಸರಿಗೆ (ಎಂಜಿನ್ ಸ್ಟಾರ್ಟ್ ಆಗದೆ ಸ್ಟೀರಿಯೋ ಓಡುವ ಜಾಗಕ್ಕೆ) ತಿರುಗಿಸಿದರೆ ಎರಡರಲ್ಲೂ 12 ಬರಬೇಕು. ಫೋಕ್ಸ್‌ವ್ಯಾಗನ್ ಥರದ ಕೆಲವು ಯುರೋಪಿನ ಗಾಡಿಗಳ ಕಪ್ಲರ್‌ನಲ್ಲಿ, ಅಂದರೆ ಸ್ಟೀರಿಯೋಗೆ ಸಿಕ್ಕಿಸುವ ವೈರ್‌ಗಳ ಪ್ಲಗ್‌ನಲ್ಲಿ, ಈ ಎರಡರ ಜಾಗ ಮಾಮೂಲಿಗಿಂತ ಉಲ್ಟಾ ಇರುತ್ತದೆ. ಅದಕ್ಕೇ ಎಷ್ಟೋ ಸೆಟ್‌ಗಳ ಕೆಂಪು, ಹಳದಿ ವೈರ್‌ಗಳ ನಡುವೆ ಬಿಚ್ಚಿ ಅದಲುಬದಲು ಮಾಡುವ ಚಿಕ್ಕ ಕನೆಕ್ಟರ್ ಕೊಟ್ಟಿರುತ್ತಾರೆ. ನಿಮ್ಮದರಲ್ಲೂ ಅದು ಇದ್ದರೆ ಎರಡು ನಿಮಿಷದ ಕೆಲಸ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಈಚಿನ ಅನೇಕ ಗಾಡಿಗಳಲ್ಲಿ ಸ್ಟೀರಿಯೋ ಕಪ್ಲರ್‌ಗೆ ಕೀಲಿಯ ವೈರ್ ಬರುವುದೇ ಇಲ್ಲ. ಕೀಲಿ ತಿರುಗಿತು ಅನ್ನುವ ಸುದ್ದಿ ಕ್ಯಾನ್ ಲೈನ್‌ನಲ್ಲಿ, ಅಂದರೆ ಗಾಡಿಯ ಎಲೆಕ್ಟ್ರಾನಿಕ್ ಭಾಗಗಳು ಒಂದಕ್ಕೊಂದು ಸಂದೇಶ ಕಳಿಸುವ ವೈರ್‌ಗಳಲ್ಲಿ, ಬರುತ್ತದೆ. ಅದನ್ನು ಓದಲು ಒಂದು ಡಿಕೋಡರ್ ಬಾಕ್ಸ್ ಬೇಕು. ಅದಿಲ್ಲದೆ ಕೆಲವರು ಕೆಂಪು ವೈರನ್ನೂ ಬ್ಯಾಟರಿಯ ವೈರ್‌ಗೇ ಕಟ್ಟಿಬಿಡುತ್ತಾರೆ. ಆಗ ಸೆಟ್ ಮರೆಯುವುದಿಲ್ಲ ನಿಜ, ಆದರೆ ಮಲಗುವುದೂ ಇಲ್ಲ. ನಿಂತ ಗಾಡಿ ಎಳೆಯುವ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ಸೆಟ್ ಅರ್ಧ ಆಂಪಿಯರ್ ಎಳೆಯುತ್ತಾ ಕೂತರೂ ದಿನಕ್ಕೆ 12 ಆಂಪಿಯರ್-ಅವರ್ ಖಾಲಿ. 40 ಆಂಪಿಯರ್-ಅವರ್‌ನ ಬ್ಯಾಟರಿ ಎರಡು ಮೂರು ದಿನದಲ್ಲಿ ಗಾಡಿ ಸ್ಟಾರ್ಟ್ ಮಾಡಲಾರದ ಸ್ಥಿತಿಗೆ ಬರುತ್ತದೆ. ಸರಿ ಮಾಡಿದೆ ಅಂತ ಹಾಕಿದವರು ಹೇಳಿದ ಮೇಲೂ ಕೀಲಿ ತೆಗೆದು ಕೆಂಪಿನಲ್ಲಿ ಸೊನ್ನೆ ಇದೆಯಾ ಅಂತ ನೀವೇ ನೋಡಿ.

ಎಫ್‌ಎಂ ಕರಕರ ಅನ್ನುವುದಕ್ಕೆ ಹೆಚ್ಚಿನ ಸಲ ಕಾರಣ ಆಂಟೆನಾಕ್ಕೆ ಕರೆಂಟ್ ಸಿಗದಿರುವುದು. ಮೇಲ್ಛಾವಣಿಯ ಗಿಡ್ಡ ಆಂಟೆನಾ, ಶಾರ್ಕ್ ಫಿನ್, ಗಾಜಿನೊಳಗಿನ ಆಂಟೆನಾ, ಇವುಗಳಲ್ಲಿ ಬಹಳಷ್ಟಕ್ಕೆ ಒಳಗೊಂದು ಚಿಕ್ಕ ಆಂಪ್ಲಿಫೈಯರ್ ಇರುತ್ತದೆ. ಕಂಪನಿಯ ಸೆಟ್ ಅದಕ್ಕೆ ಆಂಟೆನಾ ಕೇಬಲ್ ಮೂಲಕವೇ 12 ವೋಲ್ಟ್ ಕಳಿಸುತ್ತಿತ್ತು. ಹೊರಗೆ ಕೊಂಡ ಸೆಟ್ ಸಾಮಾನ್ಯವಾಗಿ ಕಳಿಸುವುದಿಲ್ಲ. ಕರೆಂಟ್ ವೈರ್ ಇರುವ ಆಂಟೆನಾ ಅಡಾಪ್ಟರ್ ತಂದು, ಅದರ ವೈರನ್ನು ಸೆಟ್‌ನ ನೀಲಿ ವೈರ್‌ಗೆ ಸೇರಿಸಿದರೆ ಸ್ಟೇಷನ್‌ಗಳು ವಾಪಸ್ ಬರುತ್ತವೆ. ಬಿಳಿ ಗೆರೆಯ ನೀಲಿ ವೈರ್ ಬೇರೆ, ಅದು ಸ್ಪೀಕರ್‌ಗಳ ಆಂಪ್ಲಿಫೈಯರ್ ಆನ್ ಮಾಡುವುದಕ್ಕೆ. ಗಾಡಿಯಲ್ಲೇ ಕಂಪನಿಯ ಆಂಪ್ಲಿಫೈಯರ್ ಇದ್ದು ಈ ವೈರ್ ಸೇರಿಸದಿದ್ದರೆ ಸೆಟ್ ಓಡುತ್ತದೆ, ಸದ್ದೇ ಬರುವುದಿಲ್ಲ. ಇದನ್ನೂ "ಸೆಟ್ ಹಾಳು" ಅಂತ ವಾಪಸ್ ಕೊಟ್ಟವರಿದ್ದಾರೆ.

ಕುಂಯ್ ಸದ್ದು ಆಲ್ಟರ್ನೇಟರ್‌ನದು, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ್ದು. ಎಂಜಿನ್ ವೇಗದ ಜೊತೆ ಏರಿದರೆ ಹೆಚ್ಚಿನ ಸಲ ಅದೇ. ಮೊದಲು ಫೋನ್ ಚಾರ್ಜರ್ ಕಿತ್ತು ನೋಡಿ, ಕೆಲವು ಸಲ ಅದೇ ಕಾರಣ. ಆಮೇಲೆ ಕಪ್ಪು ವೈರ್ ಎಲ್ಲಿಗೆ ಹೋಗಿದೆ ನೋಡಿಸಿ. ಡ್ಯಾಶ್‌ಬೋರ್ಡ್ ಒಳಗೆ ಯಾವುದೋ ಸ್ಕ್ರೂಗೆ ಕಟ್ಟಿದ್ದರೆ ಅರ್ಥ್ ಸಾಲುವುದಿಲ್ಲ. ಪೇಂಟ್ ಕೆರೆದ ಬಾಡಿ ಲೋಹಕ್ಕೆ, ಬೋಲ್ಟ್ ಹಾಕಿ ಬಿಗಿಯಾಗಿ ಕೂರಿಸಬೇಕು. ವಾಲ್ಯೂಮ್ ಪೂರ್ತಿ ಇಳಿಸಿದಾಗಲೂ ಕುಂಯ್ ಅಷ್ಟೇ ಇದ್ದರೆ ಸದ್ದು ಸೇರುತ್ತಿರುವುದು ವಾಲ್ಯೂಮ್ ಆದ ಮೇಲೆ, ಅಂದರೆ ಅರ್ಥ್ ಅಥವಾ ಆಂಪ್ಲಿಫೈಯರ್ ಕಡೆ. ವಾಲ್ಯೂಮ್ ಜೊತೆ ಏರಿಳಿದರೆ ಹಾಡು ಬರುವ ದಾರಿಯಲ್ಲಿ. ಬೇರೆ ಆಂಪ್ಲಿಫೈಯರ್ ಹಾಕಿಸಿದ್ದರೆ ಅದರ ಬ್ಯಾಟರಿ ವೈರ್ ಒಂದು ಬದಿಯಲ್ಲಿ, ಆಡಿಯೋ ಕೇಬಲ್ ಇನ್ನೊಂದು ಬದಿಯಲ್ಲಿ ಹೋಗಬೇಕು.

ಇದೇ ನೆಪದಲ್ಲಿ ಸ್ಪೀಕರ್ ವೈರ್‌ಗಳನ್ನೂ ನೋಡಿಸಿ. ಈಗಿನ ಸೆಟ್‌ಗಳಲ್ಲಿ ಸ್ಪೀಕರ್‌ನ ಮೈನಸ್ ವೈರ್ ಅರ್ಥ್ ಅಲ್ಲ. ಅದು ಗಾಡಿಯ ಬಾಡಿಗೆ ತಾಗಿದರೆ ಸೆಟ್ ಪ್ರೊಟೆಕ್ಟ್‌ಗೆ ಹೋಗುತ್ತದೆ (ತನ್ನನ್ನು ಕಾಪಾಡಿಕೊಳ್ಳಲು ಸದ್ದು ನಿಲ್ಲಿಸುತ್ತದೆ), ಇಲ್ಲವೇ ಒಳಗಿನ ಐಸಿ ಚಿಪ್ ಸುಡುತ್ತದೆ. ಆಗ ಮಾತ್ರ ಸೆಟ್ ನಿಜವಾಗಿ ಹಾಳು.

ಸ್ಟೀರಿಂಗ್ ಬಟನ್ ಎರಡು ಬಗೆ. ಹಳೆಯ ರೀತಿಯದರಲ್ಲಿ ಒಂದೊಂದು ಬಟನ್‌ಗೆ ಒಂದೊಂದು ರೆಸಿಸ್ಟೆನ್ಸ್. ಅದರ ವೈರ್‌ಗಳನ್ನು ಸೆಟ್‌ನ ಕೀ 1, ಕೀ 2 ವೈರ್‌ಗೆ ಸೇರಿಸಿ, ಸೆಟ್ಟಿಂಗ್‌ನಲ್ಲಿ ಒಂದೊಂದಾಗಿ ಒತ್ತಿ ಕಲಿಸಬೇಕು. ಹೊಸ ಗಾಡಿಗಳಲ್ಲಿ ಇದೂ ಕ್ಯಾನ್ ಲೈನ್‌ನಲ್ಲೇ. ನಾನು ಮೇಲೆ ಹೇಳಿದ ಡಿಕೋಡರ್ ಇದ್ದು, ಸೆಟ್ಟಿಂಗ್‌ನಲ್ಲಿ ನಿಮ್ಮ ಗಾಡಿಯ ಮಾದರಿ ಆರಿಸಿದರೆ ಬಟನ್‌ಗಳೂ ಬರುತ್ತವೆ. ಹಾಗಾಗಿ, ಬಾಕ್ಸ್ ಇಲ್ಲದೆ ಹಳದಿ, ಕೆಂಪು ಎರಡನ್ನೂ ಬೇರೆಲ್ಲಿಂದಲೋ ತಂದ ಕೀಲಿಯ ವೈರ್‌ಗೇ ಕಟ್ಟಿದ್ದರೆ, ನಿಮಗೆ ಮೊದಲನೆಯ ಮತ್ತು ನಾಲ್ಕನೆಯ ತೊಂದರೆ ಎರಡಕ್ಕೂ ಆ ಒಂದು ಬಾಕ್ಸ್ ಇಲ್ಲದಿರುವುದೇ ಕಾರಣವಿರಬಹುದು.

ನನಗೆ ನಿಜಕ್ಕೂ ಸಿಟ್ಟು ಬರುವುದು ಕಂಪನಿಯ ಕಪ್ಲರ್ ಕತ್ತರಿಸಿ, ವೈರ್ ತಿರುಚಿ, ಮೇಲೊಂದು ಟೇಪ್ ಸುತ್ತುವ ಕೆಲಸ ನೋಡಿದಾಗ. ಬಿಸಿಲಿಗೆ ನಿಂತ ಗಾಡಿಯ ಡ್ಯಾಶ್ ಒಳಗೆ ಟೇಪ್‌ನ ಅಂಟು ಕರಗಿ ಜಾರುತ್ತದೆ. ಅಲುಗಾಟಕ್ಕೆ ಜಾಯಿಂಟ್ ಸಡಿಲವಾಗುತ್ತದೆ. ಇವತ್ತು ಚೆನ್ನಾಗಿ ಹಾಡುವ ಸೆಟ್ ನಾಲ್ಕು ತಿಂಗಳ ನಂತರ ಗುಂಡಿಯಲ್ಲಿ ಇಳಿದಾಗಲೆಲ್ಲ ಆಫ್ ಆಗುತ್ತದೆ. ಎಷ್ಟೋ ಮಾದರಿಗಳಿಗೆ ಕತ್ತರಿಸದೆ ಸಿಕ್ಕಿಸುವ ರೆಡಿ ಕಪ್ಲರ್ ಸಿಗುತ್ತದೆ, ಅದನ್ನೇ ಕೇಳಿ. ಈಗಾಗಲೇ ಕತ್ತರಿಸಿದ್ದರೆ ಜಾಯಿಂಟ್‌ಗಳನ್ನು ಕ್ರಿಂಪ್ (ಲೋಹದ ತುಂಡಿನಲ್ಲಿ ಒತ್ತಿ ಸೇರಿಸುವುದು) ಅಥವಾ ಸೋಲ್ಡರ್ ಮಾಡಿಸಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ.

ಮತ್ತೆ ಬಿಚ್ಚುವಾಗ ಬ್ಯಾಟರಿಯ ಮೈನಸ್ ತೆಗೆಸಿ, ಕೆಲವು ನಿಮಿಷ ಬಿಟ್ಟು ಕೈ ಹಾಕಲಿ. ಏರ್‌ಬ್ಯಾಗ್ ಇರುವ ಗಾಡಿ ಅಲ್ವಾ. ಡ್ಯಾಶ್‌ನ ಕಪ್ಲರ್‌ಗಳು ಬಿಚ್ಚಿರುವಾಗ ಕೀಲಿ ಆನ್ ಮಾಡಿದರೆ ಕೆಲವು ಗಾಡಿಗಳಲ್ಲಿ ಏರ್‌ಬ್ಯಾಗ್ ದೀಪ ಹತ್ತಿಕೊಂಡು, ಗ್ಯಾರೇಜಿನ ಸ್ಕ್ಯಾನರ್ ಸಿಕ್ಕಿಸಿ ಆ ದೋಷ ಅಳಿಸುವವರೆಗೂ ಆರುವುದಿಲ್ಲ. ಹಾಗಾಗಿ ವೋಲ್ಟ್ ಪರೀಕ್ಷೆಗೆ ಬ್ಯಾಟರಿ ವಾಪಸ್ ಸೇರಿಸುವ ಮೊದಲು ಸ್ಟೀರಿಯೋ ಬಿಟ್ಟು ಉಳಿದ ಕಪ್ಲರ್‌ಗಳನ್ನೆಲ್ಲ ಸಿಕ್ಕಿಸಿರಲಿ. ರಿವರ್ಸ್ ಕ್ಯಾಮೆರಾ ಕಂಪನಿಯದ್ದಾಗಿದ್ದರೆ ಅದು ಎಷ್ಟು ವೋಲ್ಟ್‌ನದು ಅಂತ ತಿಳಿಯದೆ 12 ಕೊಡಿಸಬೇಡಿ, ಕೆಲವು 6 ವೋಲ್ಟ್‌ನವು.

ಈ ಸಲ ಪಕ್ಕದಲ್ಲೇ ನಿಲ್ಲಿ. ಫ್ರೇಮ್ ಮುಚ್ಚುವ ಮೊದಲು ಕೀಲಿ ತೆಗೆದು ಹಾಕಿ ಗಡಿಯಾರ ನೋಡಿ, ಎಫ್‌ಎಂ ಹಾಕಿಸಿ, ನಾಲ್ಕೂ ಸ್ಪೀಕರ್ ಬೇರೆ ಬೇರೆಯಾಗಿ ಕೇಳಿ, ಎಂಜಿನ್ ರೇಸ್ ಮಾಡಿಸಿ, ಒಂದು ಕಾಲ್ ಮಾಡಿ ಮೈಕ್ ನೋಡಿ. ಮುಚ್ಚಿದ ಮೇಲೆ ಹೇಳಿದರೆ ಮತ್ತೆ ಬಿಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ, ಪ್ಲಾಸ್ಟಿಕ್ ಕ್ಲಿಪ್‌ಗಳೂ ಮುರಿಯುತ್ತವೆ.

ಗಾಡಿಯ ಮಾದರಿ, ವರ್ಷ ಇಲ್ಲಿ ಬರೆಯಿರಿ. ಸೆಟ್ ಹೊರಗೆ ತೆಗೆದಾಗ ಹಿಂದಿನ ಕಪ್ಲರ್‌ನ ಫೋಟೋ, ವೈರ್ ಬಣ್ಣ ಮತ್ತು ಪಿನ್ ನಂಬರ್ ಕಾಣುವ ಹಾಗೆ ಹಾಕಿ. ಯಾವ ವೈರ್ ಎಲ್ಲಿಗೆ ಹೋಗಬೇಕು ಅಂತ ಬರೆದು ಕೊಡುತ್ತೇನೆ.