ಬಂಟರು, ಬಿಲ್ಲವರು ಮತ್ತು ಗೇಣಿ: ನಿಮ್ಮ ಪ್ರಶ್ನೆಗೆ

ಉಡುಪಿ ಕಡೆ ಬಂಟರೂ ಬಿಲ್ಲವರೂ ಗದ್ದೆ ಮಾಡಿದವರೇ ಅಲ್ವಾ, ಮತ್ತೆ ಸ್ಥಾನಮಾನ ಯಾಕೆ ಬೇರೆ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಗೇಣಿ ಪದ್ಧತಿಯೇ, ಅಂದರೆ ಬೇರೆಯವರ ಜಮೀನು ಉತ್ತು ಅದಕ್ಕೆ ಬಾಡಿಗೆ ಕಟ್ಟುವ ಪದ್ಧತಿಯೇ, ಅದಕ್ಕೆ ದೊಡ್ಡ ಕಾರಣ. ಬಂಟರ ಗುತ್ತಿನ ಮನೆಗಳ, ಅಂದರೆ ಊರಿನ ಮುಖ್ಯ ಮನೆತನಗಳ ಕೈಯಲ್ಲಿ ಜಮೀನು ಇತ್ತು. ಆಸ್ತಿ ತಾಯಿಯ ವಂಶದಲ್ಲಿ ಸಾಗುವ ಅಳಿಯಸಂತಾನ ಪದ್ಧತಿಯಿಂದಾಗಿ ಅದು ಪಾಲಾಗದೆ ತಾಯಿ ಕಡೆಯ ಕುಟುಂಬದಲ್ಲೇ ಉಳಿಯುತ್ತಿತ್ತು. ಊರಿನ ದೈವಗಳ ಕೋಲದಲ್ಲೂ ಕಂಬಳದಲ್ಲೂ ಮೊದಲ ಮರ್ಯಾದೆ ಗುತ್ತಿನವರಿಗೇ.

ಬಿಲ್ಲವರಲ್ಲಿ ತುಂಬಾ ಜನ ಶೇಂದಿ ಇಳಿಸುತ್ತಾ ಚಾಲಗೇಣಿಗೆ, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿಗೆ, ಗದ್ದೆ ಮಾಡಿದರು. ಮೂಲಗೇಣಿಯವರನ್ನು, ಅಂದರೆ ಕಾಯಂ ಗೇಣಿ ಇದ್ದವರನ್ನು, ಸುಲಭವಾಗಿ ಎಬ್ಬಿಸಲು ಆಗುತ್ತಿರಲಿಲ್ಲ. ಚಾಲಗೇಣಿಯವರಿಗೆ ಆ ಭದ್ರತೆ ಇರಲಿಲ್ಲ. ಮಳೆ ಕೈಕೊಟ್ಟರೂ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಗೇಣಿಯ ಅಕ್ಕಿ ಮುಡಿ ಧಣಿಯ ಅಂಗಳ ಸೇರಲೇಬೇಕಿತ್ತು. ಹಾಗಂತ ಬಂಟರೆಲ್ಲ ಧಣಿಗಳಲ್ಲ. ಗೇಣಿ ಕಟ್ಟಿ ಬದುಕಿದ ಬಡ ಬಂಟರೂ ಇದ್ದರು, ಇದನ್ನು ಸುಮ್ನೆ ಮರೆಯುತ್ತೇವೆ.

ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ ಉತ್ತ ಗದ್ದೆಗೆ ತಾವೇ ಒಡೆಯರಾದರು. ನನಗೆ ಹೊಟ್ಟೆ ಉರಿಯುವುದು ಇಲ್ಲಿ: ಅದೇ ಗದ್ದೆಯಲ್ಲಿ ಕೂಲಿಗಳಾಗಿ ದುಡಿದ ದಲಿತರಲ್ಲಿ, ಬುಡಕಟ್ಟಿನವರಾದ ಕೊರಗರಲ್ಲಿ ಹೆಚ್ಚಿನವರ ಹೆಸರಲ್ಲಿ ಗೇಣಿಯೇ ಇರಲಿಲ್ಲ. ಹಾಗಾಗಿ ಅವರಿಗೆ ಜಮೀನೂ ಸಿಗಲಿಲ್ಲ.