ಸೀಕ್ವೆನ್ಸಿಂಗ್ ಯಂತ್ರವಿಲ್ಲದ ಊರಿನಿಂದ ಮಣ್ಣಿನ ಸೂಕ್ಷ್ಮಜೀವಿ ಸಮುದಾಯಗಳ ಸಂಶೋಧನೆಗೆ ಹೋಗಬಹುದೇ?

ದಾವಣಗೆರೆಯಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಓದುತ್ತಿದ್ದೀರಿ, ಮಣ್ಣಿನ ಸೂಕ್ಷ್ಮಜೀವಿ ಸಮುದಾಯಗಳ ಮೇಲೆ ಪಿಎಚ್‌ಡಿ ಮಾಡುವ ಆಸೆಯಿದೆ, ಆದರೆ ಸೀಕ್ವೆನ್ಸಿಂಗ್ ಯಂತ್ರ (ಡಿಎನ್‌ಎಯ ಅಕ್ಷರಗಳ ಸಾಲನ್ನು ಓದುವ ಯಂತ್ರ) ಕೈಗೆಟುಕುವುದಿಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಯಂತ್ರದ ಚಿಂತೆ ಬಿಡಿ. ಡಿಎನ್‌ಎ ಕಳಿಸಿದರೆ ದುಡ್ಡು ತೆಗೆದುಕೊಂಡು ಸೀಕ್ವೆನ್ಸ್ ಮಾಡಿಕೊಡುವವರು ಬೆಂಗಳೂರಿನಲ್ಲಿದ್ದಾರೆ. ದೊಡ್ಡ ಲ್ಯಾಬ್‌ಗಳೂ ಎಷ್ಟೋ ಸಲ ಹೊರಗೆ ಕೊಟ್ಟೇ ಮಾಡಿಸುತ್ತವೆ. ದುಡ್ಡು ಕೊಟ್ಟರೂ ಬೇರೆಯವರಿಂದ ಆಗದ ಕೆಲಸ ಎರಡು: ಮಣ್ಣನ್ನು ಸರಿಯಾಗಿ ತರುವುದು, ಬಂದ ದತ್ತಾಂಶವನ್ನು ಸರಿಯಾಗಿ ಓದುವುದು.

ಒಳ್ಳೆಯ ಪ್ರಶ್ನೆ ನಿಮ್ಮ ಸುತ್ತಲೇ ಇದೆ. ದಾವಣಗೆರೆ ಭಾಗದಲ್ಲಿ ಎರೆಹೊಲದಲ್ಲೂ ಕೆಂಪು ಮಣ್ಣಿನಲ್ಲೂ ಮೆಕ್ಕೆಜೋಳ ಬೆಳೆಯುತ್ತಾರೆ. ಬೇರಿನ ಸುತ್ತ ಯಾವ ಬ್ಯಾಕ್ಟೀರಿಯಾ ನೆಲೆಸಬೇಕೆಂದು ನಿರ್ಧರಿಸುವುದು ಬೆಳೆಯೋ, ಮಣ್ಣೋ? ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಎರೆಹೊಲದಿಂದ ಹತ್ತು ಚೀಲ, ಒಂದೇ ಕೆಂಪು ಹೊಲದಿಂದ ಹತ್ತು ಚೀಲ ತುಂಬಿಕೊಂಡು ಬಂದಾಗ. ಅವು ಹತ್ತು ಮಾದರಿಗಳಲ್ಲ, ಒಂದೊಂದೇ. ಆ ಎರಡು ಹೊಲಗಳಿಗೆ ಹಾಕಿದ ಗೊಬ್ಬರ ಬೇರೆ, ಹಿಂದಿನ ಬೆಳೆ ಬೇರೆ. ವ್ಯತ್ಯಾಸ ಮಣ್ಣಿನಿಂದಲೇ ಬಂತೆಂದು ಆಮೇಲೆ ಯಾವ ಲೆಕ್ಕದಿಂದಲೂ ಸಾಧಿಸಲಾಗದು. ಒಂದೊಂದು ಮಣ್ಣಿಗೂ ಎಂಟು-ಹತ್ತು ಬೇರೆ ಬೇರೆ ರೈತರ ಹೊಲ ಬೇಕು. ಎರೆಯೆಲ್ಲ ಭದ್ರಾ ನಾಲೆಯ ಕೆಳಗೆ, ಕೆಂಪೆಲ್ಲ ಮಳೆಯಾಶ್ರಿತ ಎಂದಾಗದಂತೆಯೂ ನೋಡಿಕೊಳ್ಳಿ.

ಒಂದು ಹೊಲದಲ್ಲಿ ಬದುವಿನಿಂದ ದೂರ ಐದು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಬೆರೆಸಿ, 2 ಮಿ.ಮೀ. ಜರಡಿಯಲ್ಲಿ ಸೋಸಿ. ಬೇರಿಗೆ ಅಂಟಿದ ಮಣ್ಣನ್ನು ಬೇರೆಯಾಗಿ ಇಡಿ. ಹೊಲದಿಂದ ಹೊಲಕ್ಕೆ ಹೋಗುವಾಗ ಕುರ್ಪಿಯನ್ನು 70% ಆಲ್ಕೋಹಾಲಿನಲ್ಲಿ ಒರೆಸಿ, ಕೈಗವಸು ಬದಲಿಸಿ. ಡಿಎನ್‌ಎಗೆ ಬೇಕಾದ ಭಾಗ ಐಸ್ ಡಬ್ಬಿಯಲ್ಲಿ ಅದೇ ದಿನ ಫ್ರೀಜರ್ ಸೇರಬೇಕು. ಉಳಿದದ್ದನ್ನು ನೆರಳಲ್ಲಿ ಒಣಗಿಸಿ ಪಿಎಚ್ (ಮಣ್ಣು-ನೀರು 1:2.5), ಸಾವಯವ ಇಂಗಾಲ ಅಳೆಯಿರಿ. ಪಿಎಚ್ ಬಿಡಲೇಬೇಡಿ. ಮಣ್ಣಿನ ಬ್ಯಾಕ್ಟೀರಿಯಾ ವೈವಿಧ್ಯದೊಂದಿಗೆ ಅದರಷ್ಟು ಗಟ್ಟಿಯಾಗಿ ತಳುಕು ಹಾಕಿಕೊಂಡ ಗುಣ ಇನ್ನೊಂದು ಸಿಗುವುದು ಅಪರೂಪ.

ಎರೆಮಣ್ಣು ಲ್ಯಾಬಿನಲ್ಲಿ ಸತಾಯಿಸುತ್ತದೆ. ಮಣ್ಣಿನಿಂದ ಡಿಎನ್‌ಎ ಬೇರ್ಪಡಿಸುವ ಕಿಟ್‌ನಲ್ಲಿ 0.25 ಗ್ರಾಂ ಹಾಕಿದರೂ ಇಳುವರಿ ತೀರಾ ಕಡಿಮೆ ಬರಬಹುದು, ಏಕೆಂದರೆ ಜೇಡಿಯ ಕಣಗಳು ಡಿಎನ್‌ಎಯನ್ನು ಹಿಡಿದುಕೊಳ್ಳುತ್ತವೆ. ಕೋಶ ಒಡೆಯುವ ಹಂತದಲ್ಲಿ ಕೆನೆ ತೆಗೆದ ಹಾಲಿನ ಪುಡಿ ಸೇರಿಸಿದರೆ ಅದರ ಪ್ರೋಟೀನು ಆ ಜಾಗಗಳನ್ನು ಆಕ್ರಮಿಸಿ ಡಿಎನ್‌ಎ ಬಿಡುಗಡೆಯಾಗುತ್ತದೆ. ಆದರೆ ಹಾಲಿನ ಪುಡಿಯಲ್ಲೂ, ಕಿಟ್‌ನ ದ್ರಾವಣಗಳಲ್ಲೂ ಬ್ಯಾಕ್ಟೀರಿಯಾ ಡಿಎನ್‌ಎ ಇರುತ್ತದೆ. ಆದ್ದರಿಂದ ಮಣ್ಣೊಂದನ್ನು ಬಿಟ್ಟು ಮಿಕ್ಕೆಲ್ಲ ಹಾಕಿದ ಖಾಲಿ ಟ್ಯೂಬನ್ನೂ ಜೊತೆಗೇ ನಡೆಸಿ, ಅದನ್ನೂ ಸೀಕ್ವೆನ್ಸಿಂಗ್‌ಗೆ ಕಳಿಸಿ. ಡಿಎನ್‌ಎ ಕಂದು ಬಣ್ಣಕ್ಕಿದ್ದು 260/230 ಅನುಪಾತ (260 ಮತ್ತು 230 ನ್ಯಾನೋಮೀಟರ್ ಬೆಳಕನ್ನು ಹೀರುವ ಪ್ರಮಾಣಗಳ ಅನುಪಾತ, ಶುದ್ಧತೆಯ ಅಳತೆ) 1ಕ್ಕಿಂತ ಕಡಿಮೆಯಿದ್ದರೆ ಕೊಳೆತ ಸಾವಯವ ಪದಾರ್ಥದಿಂದ ಬರುವ ಹ್ಯೂಮಿಕ್ ಆಮ್ಲ ಉಳಿದಿರಬಹುದು. ಹತ್ತು ಪಟ್ಟು ತೆಳು ಮಾಡಿದಾಗ ಪಿಸಿಆರ್ (ಡಿಎನ್‌ಎ ತುಂಡನ್ನು ಸೈಕಲ್‌ಗಳಲ್ಲಿ ನಕಲು ಮಾಡಿ ಹೆಚ್ಚಿಸುವ ವಿಧಾನ) ಬ್ಯಾಂಡ್, ಅಂದರೆ ಜೆಲ್ ಮೇಲಿನ ಗೆರೆ, ಬಂದು, ತೆಳು ಮಾಡದಿದ್ದಾಗ ಬರದಿದ್ದರೆ ಅಡ್ಡಿಯಾಗುತ್ತಿರುವುದು ಅಂಥದ್ದೇ ಕಲ್ಮಶ. ಬ್ಯಾಂಡ್ ಬರಲೆಂದು ಸೈಕಲ್‌ಗಳನ್ನು 35ಕ್ಕೆ ಏರಿಸಬೇಡಿ. ಎರಡು ಜೀವಿಗಳ ತುಂಡು ಸೇರಿದ ಕೈಮೆರಾಗಳು ಹೆಚ್ಚುತ್ತವೆ.

ಬ್ಯಾಕ್ಟೀರಿಯಾ ಗುರುತಿಸಲು ಓದುವ 16ಎಸ್ ಜೀನಿನ ಯಾವ ಭಾಗ ಎಂಬುದನ್ನು ಕಂಪನಿಯವರ ಇಷ್ಟಕ್ಕೆ ಬಿಡಬೇಡಿ. ಅದರ ವಿ3–ವಿ4 ಎಂಬ ಭಾಗದ ತುಂಡು ಸುಮಾರು 460 ಬೇಸ್ (ಡಿಎನ್‌ಎ ಅಕ್ಷರ) ಉದ್ದ. ಅದನ್ನು 2×250ರಲ್ಲಿ, ಅಂದರೆ ಎರಡೂ ತುದಿಯಿಂದ 250 ಬೇಸ್‌ನಂತೆ, ಓದಿಸಿದರೆ ಎರಡೂ ಕಡೆಯ ಓದು ಮೇಲೆಮೇಲೆ ಬರುವುದು ಬರೀ ನಲವತ್ತರಷ್ಟು. ಕೊನೆಯ ಕಳಪೆ ಬೇಸ್‌ಗಳನ್ನು ಕತ್ತರಿಸಿದರೆ ಜೋಡಣೆಯೇ ಆಗದು. 2×300 ಕೇಳಿ, ಇಲ್ಲವೇ 290ರಷ್ಟು ಉದ್ದದ ವಿ4 ಸಾಕು. ಓದುಗಳ ತಪ್ಪು ತಿದ್ದುವ ಡಾಡಾ2 ತಂತ್ರಾಂಶಕ್ಕೆ ಹಾಕುವ ಮುಂಚೆ ಪ್ರೈಮರ್ (ಪಿಸಿಆರ್ ಶುರು ಮಾಡಲು ಸೇರಿಸುವ ಚಿಕ್ಕ ಡಿಎನ್‌ಎ ತುಂಡು) ತೆಗೆಯಿರಿ; ಮರೆತರೆ ಒಳ್ಳೆಯ ಓದುಗಳೂ ಕೈಮೆರಾ ಎಂದು ಕಸದ ಪಾಲಾಗುತ್ತವೆ. ಕೊನೆಗೆ ಸಿಗುವುದು ಶೇಕಡಾವಾರು ಮಾತ್ರ ಎಂಬುದೂ ನೆನಪಿರಲಿ. ಒಂದು ಗುಂಪು ಹೆಚ್ಚಿದರೆ, ತಾನು ಕಡಿಮೆಯಾಗದ ಇನ್ನೊಂದೂ ಇಳಿದಂತೆ ಕಾಣುತ್ತದೆ. ನಿಜವಾದ ಸಂಖ್ಯೆ ಬೇಕಿದ್ದರೆ ಜೀನಿನ ಪ್ರತಿಗಳನ್ನು ಎಣಿಸುವ ಕ್ಯೂಪಿಸಿಆರ್ ಸೇರಿಸಿ.

ವಿಶ್ಲೇಷಣೆ ಕಲಿಯಲು ನಿಮ್ಮದೇ ದತ್ತಾಂಶಕ್ಕೆ ಕಾಯಬೇಕಿಲ್ಲ. ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ಎಸ್‌ಆರ್‌ಎ ಎಂಬ ಸೀಕ್ವೆನ್ಸ್ ಭಂಡಾರದಲ್ಲಿ ಪ್ರಕಟಿತ ಮಣ್ಣಿನ ದತ್ತಾಂಶ ಉಚಿತವಾಗಿ ಸಿಗುತ್ತದೆ. ಇಪ್ಪತ್ತು ಮಾದರಿ ಇಳಿಸಿಕೊಂಡು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೂಲ ಲೇಖನದ ಒಂದು ಚಿತ್ರವನ್ನು ನೀವೇ ಮತ್ತೆ ಬರೆಯಿಸಿ. ಲ್ಯಾಪ್‌ಟಾಪ್ ಸಾಲದಿದ್ದರೆ ಅಂತರ್ಜಾಲದಲ್ಲೇ ವಿಶ್ಲೇಷಣೆ ನಡೆಸಬಹುದಾದ ಗ್ಯಾಲಕ್ಸಿ ಸರ್ವರ್ ಇದೆ.

ವೃತ್ತಿಯ ಮಾತಿಗೆ ಬಂದರೆ, ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. 2023ರಿಂದ ಈ ದರ. ಆ ಪರೀಕ್ಷೆಯ ಪರಿಸರ ವಿಜ್ಞಾನದ ಘಟಕವನ್ನು ಮೈಕ್ರೋಬಯಾಲಜಿಯವರು ಬಿಟ್ಟುಬಿಡುತ್ತಾರೆ. ನಿಮಗೆ ಅದೇ ಮುಖ್ಯ ವಿಷಯ, ಓದಿ. ಪಿಎಚ್‌ಡಿಗೆ ಐದಾರು ವರ್ಷ, ನಂತರ ಪೋಸ್ಟ್‌ಡಾಕ್ ಎಂದಿಟ್ಟುಕೊಳ್ಳಿ; ಅಧ್ಯಾಪಕ ಹುದ್ದೆಗಳು ಕಡಿಮೆ. ಸಂಖ್ಯಾಶಾಸ್ತ್ರ ಬಲ್ಲವರಿಗೆ ಜೈವಿಕ ಗೊಬ್ಬರ, ಕೊಳಚೆನೀರು ಸಂಸ್ಕರಣೆ, ಸೀಕ್ವೆನ್ಸಿಂಗ್ ಕಂಪನಿಗಳಲ್ಲೂ ದಾರಿಯಿದೆ.

ಐಐಎಸ್‌ಸಿ, ಜಿಕೆವಿಕೆ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯ), ಪುಣೆಯ ಎನ್‌ಸಿಸಿಎಸ್ (ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ) ಅಥವಾ ಐಸರ್‌ಗಳ (ಕೇಂದ್ರದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳು) ಮಾರ್ಗದರ್ಶಕರಿಗೆ ಬರೆಯುವಾಗ “ನಿಮ್ಮ ಕೆಲಸ ತುಂಬ ಇಷ್ಟವಾಯಿತು” ಎಂಬ ಸಾಲು ಬೇಡ. ಅವರ ಒಂದು ಲೇಖನದ ದತ್ತಾಂಶದಿಂದ ನೀವು ಬರೆಯಿಸಿದ ಚಿತ್ರ, ಅದರ ಕೋಡ್, ಅದರಲ್ಲಿ ನಿಮಗೆ ಬಂದ ಒಂದು ಅನುಮಾನ, ಇಷ್ಟನ್ನೇ ಒಂದು ಪುಟದಲ್ಲಿ ಕಳಿಸಿ.